ಕಿಟಕಿಗೆ ಚಿಲಕ

ಫಿನ್‌ಲೆಂಡಿನ ಮೈಕೆಲ್ ವಿಡೇನಿಯಸ್ ಎಂಬಾತ ತಾನು ಕಟ್ಟಿದ ಡೇಟಾಬೇಸಿಗೆ ತನ್ನ ಮಗಳ ಹೆಸರನ್ನು ಇಟ್ಟ. ಮಗಳು ಮೈ, ಹಾಗಾಗಿ ಅದು ಮೈಎಸ್‌ಕ್ಯುಎಲ್. 1995ರಲ್ಲಿ ಹೊರಬಂದ ಅದನ್ನು 2008ರಲ್ಲಿ ಸನ್ ಎಂಬ ಕಂಪನಿ ಕೊಂಡುಕೊಂಡಿತು. 2010ರಲ್ಲಿ ಆ ಸನ್ ಕಂಪನಿಯನ್ನೇ ಒರಾಕಲ್ ಕೊಂಡುಕೊಂಡಿತು. ದೊಡ್ಡ ಮನೆಗೆ ಕೊಟ್ಟ ಮಗಳು ಅಲ್ಲಿಂದ ಇನ್ನೂ ದೊಡ್ಡ ಮನೆಗೆ ಹೋಗುವುದು ತಂದೆಗೆ ಹಿಡಿಸಲಿಲ್ಲವೆಂದು ಕಾಣುತ್ತದೆ. 2009ರಲ್ಲೇ ಅದೇ ಬುಡದಿಂದ ಒಂದು ಟಿಸಿಲು ತೆಗೆದು ಬೇರೆ ನೆಟ್ಟು, ಅದಕ್ಕೆ ಕಿರಿಯ ಮಗಳ ಹೆಸರು ಸೇರಿಸಿ ಮರಿಯಾಡಿಬಿ ಎಂದು ಕರೆದ. ಮಗನ ಹೆಸರಿನದೂ ಒಂದಿದೆ, ಆದರೆ ಲೋಕ ಹೆಚ್ಚಾಗಿ ಕರೆಯುವುದು ಹೆಣ್ಣುಮಕ್ಕಳ ಹೆಸರನ್ನೇ.

ನಮ್ಮ ಕಡೆಯೂ ಟೆಂಪೋದ ಹಿಂದೆ, ಅಕ್ಕಿ ಗಿರಣಿಯ ಹಣೆಯ ಮೇಲೆ ಮಗಳ ಹೆಸರು ಬರೆಸುವ ತಂದೆಯರಿದ್ದಾರೆ. ಅಂಥ ತಂದೆಯರೇ ಆ ಮಗಳ ಜನ್ಮದಿನಾಂಕವನ್ನು ಎರಡು ವರ್ಷ ಹಿಂದಕ್ಕೆ ತಳ್ಳಿಸಿಕೊಳ್ಳಲು ಶಾಲೆಯ ಆಫೀಸಿನ ಮುಂದೆ ಕೈಕಟ್ಟಿ ನಿಂತದ್ದನ್ನೂ ನಾನು ಕಂಡಿದ್ದೇನೆ. ಮೇಷ್ಟರ ಕೆಲಸದಲ್ಲಿ ಇಷ್ಟು ವರ್ಷ ಕಳೆದವರಿಗೆ ಇದು ಹೊಸದಲ್ಲ.

ಈ ಡೇಟಾಬೇಸಿನ ಪುರಾಣವನ್ನು ನನಗೆ ಹೇಳಿದವಳು ನನ್ನ ಮಗಳು. ಬೆಂಗಳೂರಿನಲ್ಲಿ ಅವಳಿಗೆ ಕೆಲಸ. "ಏನು ಕೆಲಸ?" ಎಂದು ನೆಂಟರು ಕೇಳಿದರೆ "ಸಾಫ್ಟ್‌ವೇರ್" ಎಂದಷ್ಟೇ ಹೇಳಿ ನಾನು ಕಾಫಿ ತರುವ ನೆವದಲ್ಲಿ ಒಳಗೆ ಹೋಗಿಬಿಡುತ್ತಿದ್ದೆ. ಈಗ ಹಾಗಿಲ್ಲ. 2025ರ ಬೇಸಿಗೆ ರಜೆಯಲ್ಲಿ ಹದಿನೈದು ದಿನ ಅವಳ ಮಗ್ಗುಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತು ಅವಳು ಮಾಡಿದ್ದನ್ನೆಲ್ಲ ನೋಡಿದ್ದೇನೆ. ನೋಡುವುದಕ್ಕೆ ಕಾರಣವೂ ಇತ್ತು.

ನಮ್ಮ ಊರಿನಲ್ಲಿ ಹೆಂಗಸರದೇ ಒಂದು ಸಂಘ ಇದೆ. ಎಂಟನೆಯ ತರಗತಿಯಿಂದ ಪಿಯುಸಿವರೆಗೆ ಓದುವ ಹೆಣ್ಣುಮಕ್ಕಳಿಗೆ ಫೀಸು, ಪುಸ್ತಕ, ಬಸ್ ಪಾಸಿನ ದುಡ್ಡು ಕೊಡುತ್ತೇವೆ. ಹುಡುಗಿಯ ಹೆಸರು, ಜನ್ಮದಿನಾಂಕ, ಶಾಲೆ, ಅಂಕ, ಮನೆಯವರ ಮೊಬೈಲು, ಬ್ಯಾಂಕಿನ ಖಾತೆ, ಇವೆಲ್ಲ ಮೊದಲು ಉದ್ದನೆಯ ರಿಜಿಸ್ಟರಿನಲ್ಲಿದ್ದವು. ಆಮೇಲೆ ಕಂಪ್ಯೂಟರಿಗೆ ಹೋದವು. ಅದನ್ನು ಮಾಡಿಕೊಟ್ಟವರು ಯಾರೆಂಬುದು ಇಲ್ಲಿ ಬೇಡ. ಇನ್ನೂರು ಚಿಲ್ಲರೆ ಹೆಣ್ಣುಮಕ್ಕಳ ವಿವರವನ್ನು ಅಂತರ್ಜಾಲದಲ್ಲಿ ಒಂದು ಪುಟದ ಹಿಂದೆ ಇಟ್ಟು, ಸಮಿತಿಯ ಏಳೂ ಜನರಿಗೆ ಒಂದೇ ಹೆಸರು, ಒಂದೇ ಗುಟ್ಟಿನ ಪದ ಕೊಟ್ಟು ಹೋದರು. ಹೆಸರು "ಅಡ್ಮಿನ್". ಗುಟ್ಟಿನ ಪದ ಸಂಘದ ಗೋಡೆಯ ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಬರೆದಿತ್ತು; ಕಸ ಗುಡಿಸುವವರಿಗೂ ಗೊತ್ತಿತ್ತು.

2025ರ ಫೆಬ್ರವರಿಯಲ್ಲಿ ಒಂದು ಸಂಜೆ, ಎಂಟನೆಯ ತರಗತಿಯಲ್ಲಿ ನನ್ನ ಕೈಯಲ್ಲಿ ಓದಿದ ಹುಡುಗಿಯೊಬ್ಬಳು ಮನೆಗೆ ಬಂದಳು. ಆಗ ಅವಳು ಪ್ರಥಮ ಪಿಯುಸಿ. ಹುಟ್ಟಿದ್ದು ಆಗಸ್ಟ್ 15. "ನನಗೋಸ್ಕರ ದೇಶವೆಲ್ಲ ಬಾವುಟ ಹಾರಿಸುತ್ತದೆ ಟೀಚರ್" ಎಂದು ನಗಿಸುತ್ತಿದ್ದವಳು. ಅಂದು ನಗಲಿಲ್ಲ. ಚಪ್ಪಲಿ ಬಿಡುವುದಕ್ಕೂ ಮೊದಲೇ ಸಂಘದ ಗುರುತಿನ ಚೀಟಿಯನ್ನು ಮುಂದೆ ಹಿಡಿದು ಕೇಳಿದಳು: "ಟೀಚರ್, ನನಗೆ ಹದಿನೆಂಟು ಯಾವಾಗ ಆಯಿತು?"

ಚೀಟಿಯಲ್ಲಿ ಆಗಸ್ಟ್ 15 ಸರಿಯಾಗಿಯೇ ಇತ್ತು. 2008 ಇರಬೇಕಾದಲ್ಲಿ 2006 ಇತ್ತು.

ಯಾರೋ ಹೊಸ ಚೀಟಿ ಅಚ್ಚು ಹಾಕಿಸಿಕೊಂಡು ಹೋಗಿದ್ದರು. ಕಲ್ಯಾಣಮಂಟಪದಲ್ಲಿ ವಯಸ್ಸಿಗೆ ಒಂದು ಕಾಗದ ಕೇಳಿದ್ದರಂತೆ. ಕಾನೂನಿನ ಮುಂದೆ ನಿಲ್ಲದ ಚೀಟಿಯಾದರೂ ಅಲ್ಲಿಯ ಮ್ಯಾನೇಜರಿಗೆ ಅದು ಸಾಕಾಗಿತ್ತು. ಮುಂದಿನದನ್ನು ಉದ್ದ ಮಾಡುವುದಿಲ್ಲ. ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ ಶಾಯಿಯಲ್ಲಿ ಬರೆದ 2008 ಹಾಗೆಯೇ ಇತ್ತು. ಅದರ ಪ್ರತಿ ಹಿಡಿದುಕೊಂಡು ಹೆಡ್‌ಮಾಸ್ಟರೂ ನಾನೂ ಅವಳ ಮನೆಗೆ ಹೋದೆವು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯನ್ನೂ 1098 ಎಂಬ ನಂಬರನ್ನೂ ಮಾತಿನ ನಡುವೆ ಮೆಲ್ಲಗೆ ತಂದೆವು. ಸೋದರಮಾವ ಕೂಗಾಡಿದ, ತಾಯಿ ಬಾಗಿಲ ಸಂದಿಯಲ್ಲಿ ಅತ್ತರು. ಮದುವೆ ನಿಂತಿತು. ಜೂನ್ ತಿಂಗಳಲ್ಲಿ ಹುಡುಗಿ ದ್ವಿತೀಯ ಪಿಯುಸಿಗೆ ಹೋದಳು.

ಆದರೆ ನನ್ನ ಮನಸ್ಸಿನಲ್ಲಿ ಒಂದು ಮುಳ್ಳು ಉಳಿಯಿತು. ತಿದ್ದಿದವರು ಯಾರು? ಸಮಿತಿಯಲ್ಲಿ ಕೇಳಿದರೆ ಏಳೂ ಜನ ತಲೆ ಅಲ್ಲಾಡಿಸಿದರು. ಏಳರಲ್ಲಿ ಆರು ಜನರದು ನಿಜವೇ ಇರಬೇಕು. ಕಂಪ್ಯೂಟರನ್ನು ಕೇಳಿದರೆ ಅದರ ಬಳಿ ಇದ್ದದ್ದು "ಅಡ್ಮಿನ್" ಎಂಬ ಒಂದೇ ಹೆಸರು. ಹಳೆಯ 2008 ಎಲ್ಲಿ ಹೋಯಿತೆಂದು ಕೇಳಿದರೆ ಅದಕ್ಕೂ ಉತ್ತರವಿರಲಿಲ್ಲ.

ಶಾಲೆಯ ರಿಜಿಸ್ಟರಿನಲ್ಲಿ ತಪ್ಪಾದರೆ ಹೇಗೆ ತಿದ್ದುತ್ತಾರೆಂದು ಶಿಕ್ಷಕಿಯರಾದ ಓದುಗರಿಗೆ ಹೇಳಬೇಕಾಗಿಲ್ಲ. ಬಿಳಿ ಬಣ್ಣ ಬಳಿಯುವಂತಿಲ್ಲ, ಬ್ಲೇಡಿನಿಂದ ಕೆರೆಯುವಂತಿಲ್ಲ. ಹಳೆಯ ಅಕ್ಷರ ಕಾಣುವಂತೆ ಕೆಂಪು ಶಾಯಿಯಲ್ಲಿ ಒಂದು ಗೆರೆ, ಪಕ್ಕದಲ್ಲಿ ಹೊಸದು, ಅದರ ಬದಿಗೆ ಹೆಡ್‌ಮಾಸ್ಟರ ಸಹಿ, ತಾರೀಖು. ತಪ್ಪು ಕೂಡ ಅಲ್ಲಿ ಸಾಕ್ಷಿಯಾಗಿ ಉಳಿಯುತ್ತದೆ. ಡೇಟಾಬೇಸಿಗೆ ತಾನಾಗಿ ಈ ಕೆಂಪು ಶಾಯಿ ಇಲ್ಲ. ಅದಕ್ಕೆ ಮುಖವೂ ಇಲ್ಲ. ಎಸ್‌ಕ್ಯುಎಲ್ ಎಂಬ ಭಾಷೆಯಲ್ಲಿ ಕೇಳಿದ್ದಕ್ಕೆ ಉತ್ತರ ಕೊಡುವ, ಕತ್ತಲೆಯಲ್ಲಿ ಕುಳಿತ ಗುಮಾಸ್ತ ಅದು. ಆ ಭಾಷೆ ಬಾರದ ನಮ್ಮಂಥವರಿಗಾಗಿ ಕಿಟಕಿ ತೆರೆದದ್ದು ಪಿಎಚ್‌ಪಿ ಮೈಅಡ್ಮಿನ್ ಎಂಬ ವೆಬ್ ಪುಟ. 1998ರಲ್ಲಿ ಟೋಬಿಯಾಸ್ ರಾಟ್‌ಶಿಲ್ಲರ್ ಎಂಬುವರು ಶುರುಮಾಡಿ, ಪುರುಸೊತ್ತಿಲ್ಲವೆಂದು ಬಿಟ್ಟರು. 2001ರಲ್ಲಿ ಬೇರೆ ಮೂವರು ಎತ್ತಿಕೊಂಡು ಸಾಕಿದರು. ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸಬಹುದು. ಎಡಗಡೆ ಕೋಷ್ಟಕಗಳ ಹೆಸರು, ಬಲಗಡೆ ಸಾಲುಸಾಲಾಗಿ ವಿವರ, ಪ್ರತಿ ಸಾಲಿನ ಹತ್ತಿರ ತಿದ್ದಲು ಒಂದು ಪೆನ್ಸಿಲ್, ಅಳಿಸಲು ಒಂದು ಕೆಂಪು ಗುರುತು. ನಮ್ಮ ಹಾಜರಿ ಪುಸ್ತಕಕ್ಕೆ ಹತ್ತಿರದ ನೆಂಟ.

ಈ ಕಿಟಕಿಯ ಒಂದು ಗುಣ ನೋಡಿ. ಸಾಲನ್ನು ಅಳಿಸಲು ಹೋದರೆ "ನಿಜವಾಗಿಯೂ?" ಎಂದು ಕೇಳುತ್ತದೆ. ತಿದ್ದುವುದಕ್ಕೆ ಕೇಳುವುದಿಲ್ಲ. ತಾರೀಖಿನ ಮೇಲೆ ಎರಡು ಸಲ ಒತ್ತಿದರೆ ಪುಟ್ಟ ಕ್ಯಾಲೆಂಡರ್ ತೆರೆದುಕೊಳ್ಳುತ್ತದೆ. ಬೇಕಾದ ದಿನ ಆರಿಸಿ ಎಂಟರ್ ಒತ್ತಿದರೆ ಮುಗಿಯಿತು. ಹುಡುಗಿಯ ಎರಡು ವರ್ಷ ಹೋಗುವುದಕ್ಕೆ ಇಷ್ಟು ಸಾಕು.

"ಕಿಟಕಿಯದು ತಪ್ಪಲ್ಲಮ್ಮ, ಚಿಲಕ ಹಾಕದೆ ಹೋದದ್ದು ತಪ್ಪು" ಎಂದಳು ಮಗಳು. ಅವಳೂ ಅವಳ ಗೆಳತಿಯರೂ ಸೇರಿ ಮೂರು ಹಳೆಯ ಕಂಪ್ಯೂಟರುಗಳನ್ನು ಜೋಡಿಸಿ ಒಂದು ಕ್ಲಸ್ಟರ್ ಮಾಡಿದ್ದಾರೆ. ಐದು ಸಣ್ಣ ಸಂಘಗಳ ಲೆಕ್ಕಪತ್ರ ಅದರಲ್ಲಿದೆ, ನಮ್ಮದು ಆರನೆಯದು. ನಮ್ಮದೊಂದಕ್ಕೇ ಆಗಿದ್ದರೆ ಇದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರವೇ ಸರಿ ಎಂದು ನಾನು ಅಂದೆ. ಅವಳೂ ಒಪ್ಪಿದಳು. ಹಲವರು ಕೂಡಿ ಇರುವುದಾದರೆ ಮಾತ್ರ ಇದು ಗಿಟ್ಟುತ್ತದೆಯಂತೆ.

ಕ್ಲಸ್ಟರ್ ಎಂದರೆ ನಮ್ಮ ಹಳೆಯ ವಠಾರ. ಬಾಡಿಗೆದಾರರು ಬೇರೆ ಬೇರೆ, ಅಂಗಳ ಒಂದು, ನಲ್ಲಿ ಒಂದು. ಅದರೊಳಗೆ ಪ್ರತಿಯೊಂದು ಪ್ರೋಗ್ರಾಮೂ ತನಗೆ ಬೇಕಾದ ಪಾತ್ರೆ ಪಡಗದ ಸಮೇತ ಒಂದು ಪೆಟ್ಟಿಗೆಯಲ್ಲಿ ಬರುತ್ತದೆ. ಅದೇ ಕಂಟೇನರ್. ಹೆಸರು ಬಂದದ್ದು ಹಡಗಿನಿಂದ. 1956ರ ಏಪ್ರಿಲ್ 26ರಂದು ಅಮೆರಿಕದ ಮಾಲ್ಕಂ ಮೆಕ್‌ಲೀನ್ ಎಂಬಾತ ಒಂದೇ ಅಳತೆಯ 58 ಪೆಟ್ಟಿಗೆಗಳನ್ನು ನ್ಯೂವಾರ್ಕಿನಿಂದ ಹ್ಯೂಸ್ಟನ್ನಿಗೆ ಹಡಗಿನಲ್ಲಿ ಕಳಿಸಿದ. ಒಳಗೆ ಏನಿದೆಯೆಂದು ನೋಡದೆ ಎತ್ತಿ ಇಳಿಸಬಹುದಾದ ಪೆಟ್ಟಿಗೆ. 2013ರಲ್ಲಿ ಡಾಕರ್ ಎಂಬುದು ಬಂದು ಪ್ರೋಗ್ರಾಮುಗಳಿಗೂ ಇಂಥ ಪೆಟ್ಟಿಗೆಗಳನ್ನು ಎಲ್ಲರ ಕೈಗೆ ಸಿಗುವಂತೆ ಮಾಡಿತು. ಪೆಟ್ಟಿಗೆ ಹೆಚ್ಚಾದ ಮೇಲೆ ಹಡಗು ನಡೆಸುವವನು ಬೇಕಲ್ಲ? ಗೂಗಲ್ಲಿನವರು 2014ರಲ್ಲಿ ಹೊರತಂದ ಕುಬರ್ನೆಟಿಸ್ ಆ ಕೆಲಸ ಮಾಡುತ್ತದೆ. ಗ್ರೀಕ್ ಭಾಷೆಯಲ್ಲಿ ಆ ಮಾತಿಗೆ ಚುಕ್ಕಾಣಿ ಹಿಡಿಯುವವನು ಎಂದರ್ಥ. ನಮ್ಮ ಅಂಬಿಗ. ಅದರ ಗುರುತೂ ಏಳು ಅರೆಗಳ ಹಡಗಿನ ಚಕ್ರ.

ಅಂಬಿಗನಿಗೆ ಮಾತಿನಲ್ಲಿ ಹೇಳುವಂತಿಲ್ಲ, ಬರೆದು ಕೊಡಬೇಕು. ಯಾಮಲ್ ಎಂಬ ಒಂದು ಬರವಣಿಗೆಯ ಕ್ರಮವಿದೆ. ಒಂದೊಂದು ಸಾಲೂ ಎಷ್ಟು ಒಳಗೆ ಶುರುವಾಗುತ್ತದೆ ಎಂಬುದರ ಮೇಲೆಯೇ ಅರ್ಥ ನಿಂತಿದೆ. ಮಗಳು ಒಂದು ಕಡೆ ಒಂದೇ ಒಂದು ಜಾಗ ಹೆಚ್ಚು ಬಿಟ್ಟದ್ದಕ್ಕೆ ಅದು ಇಡೀ ಕಾಗದವನ್ನು ವಾಪಸು ಎಸೆಯಿತು. ಕಾಪಿ ಪುಸ್ತಕದಲ್ಲಿ ಅಂಚು ಬಿಟ್ಟು ಬರೆಯಿರಿ ಎಂದು ಮೂವತ್ತು ವರ್ಷ ಗಂಟಲು ಹರಿದುಕೊಂಡ ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ!

ಆ ಕಾಗದದಲ್ಲಿ "ಹೀಗೆ ಮಾಡು, ಹಾಗೆ ಮಾಡು" ಎಂದು ಬರೆಯುವುದಿಲ್ಲ. "ಹೀಗೆ ಇರಬೇಕು" ಎಂದು ಬರೆಯುತ್ತಾರೆ. ಪಿಎಚ್‌ಪಿ ಮೈಅಡ್ಮಿನ್ನಿನ ಪೆಟ್ಟಿಗೆ ಒಂದು ಇರಬೇಕು. ಮರಿಯಾಡಿಬಿಯದು ಒಂದು ಇರಬೇಕು. ಮೊದಲನೆಯದಕ್ಕೆ ಎರಡನೆಯದರ ಹೆಸರು ಗೊತ್ತಿರಬೇಕು. ಹಾಗೆ ಇರುವಂತೆ ನೋಡಿಕೊಳ್ಳುವುದು ಅಂಬಿಗನ ಪಾಡು. ಪಾಡು ಎಂದ ಕೂಡಲೆ ನೆನಪಾಯಿತು. ಪೆಟ್ಟಿಗೆಗಳನ್ನು ಇಡುವ ಕೋಶಕ್ಕೆ ಅವರು ಪಾಡ್ ಎನ್ನುತ್ತಾರೆ. ಅವರೆಕಾಯಿ ಇದ್ದ ಹಾಗೆ: ಒಳಗೆ ಒಂದೋ ಎರಡೋ ಕಾಳು, ಕಾಳೇ ಕಂಟೇನರ್.

ಎಲ್ಲ ಸಿದ್ಧವಾಗಿ, ಹುಡುಗಿಯರ ಹೆಸರುಗಳೆಲ್ಲ ಹಳೆಯ ಕಡೆಯಿಂದ ಬಂದು ಕುಳಿತ ಮೇಲೆ ಮಗಳು ಒಂದು ಸಾಲು ಬರೆದು ಮರಿಯಾಡಿಬಿಯ ಪಾಡನ್ನೇ ಅಳಿಸಿಬಿಟ್ಟಳು. ನನ್ನ ಎದೆ ಧಸಕ್ಕೆಂದಿತು. "ಏನೇ ಮಾಡಿದೆ!" ಎಂದು ಎದ್ದು ನಿಂತೆ. ಅವಳು ನಗುತ್ತ ಪರದೆ ತೋರಿಸಿದಳು. ಸ್ವಲ್ಪ ಹೊತ್ತಿನಲ್ಲಿ ಇನ್ನೊಂದು ಪಾಡ್ ತಾನಾಗಿ ಎದ್ದು ಬಂತು. ಒಂದು ಇರಬೇಕೆಂದು ಬರೆದುಕೊಟ್ಟಿತ್ತಲ್ಲ, ಇಲ್ಲದ್ದನ್ನು ಕಂಡು ಅಂಬಿಗ ಹೊಸದನ್ನು ತಂದು ನಿಲ್ಲಿಸಿದ. ಕಿಟಕಿ ತೆರೆದು ನೋಡಿದರೆ ಹುಡುಗಿಯರೆಲ್ಲ ಇದ್ದರು. ಏಕೆಂದರೆ ಅವರ ವಿವರ ಇದ್ದದ್ದು ಪಾಡಿನ ಒಳಗಲ್ಲ. ಹೊರಗೆ, ಅದಕ್ಕೆಂದೇ ಮೀಸಲಿಟ್ಟ ಡಿಸ್ಕಿನ ಜಾಗದಲ್ಲಿ. ಆ ಜಾಗವನ್ನು ಬರೆದು ಕೇಳದೆ ಇದ್ದಿದ್ದರೆ ಕೋಶದ ಜೊತೆ ಎಲ್ಲವೂ ಹೋಗುತ್ತಿತ್ತು. ಹೊಸ ಪಾಡಿಗೆ ವಿಳಾಸವೂ ಬೇರೆ ಬರಬಹುದು. ಅದಕ್ಕಾಗಿ ಸರ್ವಿಸ್ ಎಂಬ ಬದಲಾಗದ ಹೆಸರೊಂದನ್ನು ಮುಂದೆ ನಿಲ್ಲಿಸಿರುತ್ತಾರೆ. ಶಾಲೆಯಲ್ಲಿ ಜವಾನ ವರ್ಗವಾಗಿ ಬೇರೆಯವನು ಬಂದರೂ ಬೆಲ್ ಒತ್ತಿದರೆ ಒಬ್ಬ ಬರುತ್ತಾನಲ್ಲ, ಹಾಗೆ.

ಕಿಟಕಿಯದು ಇನ್ನೂ ಸುಲಭ. ಅದರ ಹೊಟ್ಟೆಯಲ್ಲಿ ಹುಡುಗಿಯರ ವಿವರ ಯಾವುದೂ ಉಳಿಯುವುದಿಲ್ಲ, ಹೋದರೆ ಹೋಯಿತು. ಹಾಗಾದರೆ ಎರಡು ಕಿಟಕಿ ಇಡಬಾರದೇ ಎಂದು ಕೇಳಿದೆ. ಇಟ್ಟು ತೋರಿಸಿದಳು. ಒಮ್ಮೆ ಒಳಗೆ ಬಿಟ್ಟುಕೊಂಡದ್ದು ಮರುಕ್ಷಣ "ಯಾರು ನೀವು?" ಎಂದು ಮತ್ತೆ ಗುಟ್ಟಿನ ಪದ ಕೇಳಿತು. ಒಂದನೆಯ ಕಿಟಕಿಗೆ ಹೇಳಿದ್ದು ಎರಡನೆಯದಕ್ಕೆ ತಿಳಿಯದು. ಒಂದು ಕೌಂಟರಿನಲ್ಲಿ ಕಥೆಯೆಲ್ಲ ಹೇಳಿ ಮುಗಿಸಿದ ಮೇಲೆ ಪಕ್ಕದ ಕೌಂಟರಿಗೆ ಹೋಗಿ ಎನ್ನುತ್ತಾರಲ್ಲ, ಆ ಸಂಕಟ ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ. ಒಬ್ಬರನ್ನು ಸದಾ ಒಂದೇ ಕಿಟಕಿಗೆ ಕಳಿಸುವ ಉಪಾಯ ಇದೆಯಂತೆ. ನಮಗೆ ಒಂದೇ ಸಾಕಾಯಿತು.

ಹೆಸರುಗಳು ಬಂದು ಕುಳಿತವು ಎಂದೆನಲ್ಲ, ಮೊದಲ ಸಲ ಸರಿಯಾಗಿ ಕುಳಿತಿರಲಿಲ್ಲ. ಹುಡುಗಿಯ ಹೆಸರಿನ ಜಾಗದಲ್ಲೆಲ್ಲ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ! ಹಳೆಯವರು ಕೋಷ್ಟಕವನ್ನು ಕನ್ನಡ ಹಿಡಿಯದ ಅಕ್ಷರಕ್ರಮದಲ್ಲಿ ಮಾಡಿಟ್ಟು, ಹೆಸರನ್ನೆಲ್ಲ ಇಂಗ್ಲಿಷಿನಲ್ಲಿ ತುಂಬಿಸಿದ್ದರು. ನಾವು ಕನ್ನಡದಲ್ಲಿ ತುಂಬಲು ಹೋದಾಗ ಅದು ಹೀಗೆ ಮುಖ ತಿರುಗಿಸಿತು. ಮೈಎಸ್‌ಕ್ಯುಎಲ್ ಕೂಡ 2018ರ ತನ್ನ 8.0 ಆವೃತ್ತಿಯಲ್ಲಿ ತಾನಾಗಿ ಎಲ್ಲ ಲಿಪಿಗಳನ್ನೂ ಒಪ್ಪುವ ಕ್ರಮಕ್ಕೆ ಬಂದದ್ದು. ಅಲ್ಲಿಯವರೆಗೆ ಬಿಡಿಸಿ ಹೇಳಬೇಕಿತ್ತು. ಹೇಳಿದ ಮೇಲೆ ಸರಿಹೋಯಿತು.

ಇನ್ನು ಚಿಲಕದ ವಿಷಯ. ಗುಟ್ಟಿನ ಪದವನ್ನು ಅಂಬಿಗನಿಗೆ ಕೊಡಲು "ಸೀಕ್ರೆಟ್" ಎಂಬ ಲಕೋಟೆಯಿದೆ. ಹೆಸರು ನೋಡಿ ನಾನು ನೆಮ್ಮದಿಯಾದೆ. ಮಗಳು ಬಿಡಲಿಲ್ಲ. ಒಳಗಿರುವುದು ಬೀಗ ಹಾಕಿದ ಮಾತಲ್ಲ, ಬೇರೆ ವೇಷದ ಮಾತು ಅಷ್ಟೇ ಎಂದಳು. ಉತ್ತರ ಕರ್ನಾಟಕದ ಹಳೆಯ ಮನೆಗಳಲ್ಲಿ ಮೋಡಿ ಲಿಪಿಯ ಕಾಗದಪತ್ರ ಇರುತ್ತವಲ್ಲ, ಅದು ನಮಗೆ ಓದಲು ಬಾರದು ಎಂದ ಮಾತ್ರಕ್ಕೆ ಗುಟ್ಟಾಗುವುದಿಲ್ಲ. ಮೋಡಿ ಬಲ್ಲವರು ಬಂದರೆ ಗಳಗಳನೆ ಓದುತ್ತಾರೆ. ಆದ್ದರಿಂದ ಲಕೋಟೆಯನ್ನು ಯಾರು ಮುಟ್ಟಬಹುದು ಎಂಬುದನ್ನು ಬೇರೆಯಾಗಿ ಬರೆಯಬೇಕು, ಇಟ್ಟ ಜಾಗಕ್ಕೂ ನಿಜವಾದ ಬೀಗ ಹಾಕಿಸಬೇಕು. ಅಷ್ಟನ್ನೂ ಮಾಡಿದಳು.

ವಠಾರದ್ದು ಇನ್ನೊಂದು ತಾಪತ್ರಯ. ಪ್ರತಿ ಸಂಘಕ್ಕೂ ಹೆಸರಿಗೆ ಬೇರೆ ಕೋಣೆ ಕೊಟ್ಟರೂ, ಸುಮ್ಮನೆ ಬಿಟ್ಟರೆ ಯಾರ ಪಾಡ್ ಬೇಕಾದರೂ ಯಾರ ಪಾಡಿನ ಜೊತೆ ಬೇಕಾದರೂ ಮಾತಾಡಬಹುದು. ಮರಿಯಾಡಿಬಿಯ ಬಾಗಿಲಿಗೆ ನಮ್ಮ ಕಿಟಕಿಯೊಂದೇ ಬರಬಹುದು ಎಂದು ಮತ್ತೊಂದು ಕಾಗದ ಬರೆದಾಯಿತು. ಕಡೆಯದಾಗಿ ಬೀದಿ ಬಾಗಿಲು. ಈ ಕಿಟಕಿಯನ್ನು ಅಂತರ್ಜಾಲಕ್ಕೆ ತೆರೆದಿಡುವುದು ಸುಲಭ, ಹಿಂದಿನವರು ಮಾಡಿದ್ದೂ ಅದನ್ನೇ. ಆದರೆ ಲೋಕದ ಯಾವ ಯಾವ ಮೂಲೆಯಿಂದಲೋ ಯಂತ್ರಗಳು ಹಗಲೂ ರಾತ್ರಿ ಇಂಥ ಕಿಟಕಿ ಎಲ್ಲಿ ತೆರೆದಿದೆ ಎಂದು ಮನೆಮನೆಯ ಕದ ತಳ್ಳಿ ನೋಡುತ್ತಿರುತ್ತವೆ. ಮಗಳು ಅವಳ ಇನ್ನೊಂದು ಕೆಲಸದ ದಾಖಲೆಯಲ್ಲಿ ತೋರಿಸಿದಳು: ಅಲ್ಲಿ ಪಿಎಚ್‌ಪಿ ಮೈಅಡ್ಮಿನ್ ಇಲ್ಲವೇ ಇಲ್ಲ, ಆದರೂ ಅದರ ಹೆಸರು ಹಿಡಿದು ತಟ್ಟಿದವರ ಸಾಲು ಮುಗಿಯುವಂತಿರಲಿಲ್ಲ. ನಮ್ಮದಕ್ಕೆ ಬೀದಿ ಬಾಗಿಲನ್ನೇ ಇಡಲಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಗುರುತು ಒತ್ತಿದರೆ ವಠಾರದವರೆಗೆ ಒಂದು ಸುರಂಗ ತೆರೆಯುತ್ತದೆ. ಆಮೇಲೆ ಕಿಟಕಿ ಕಾಣುವುದು "ಲೋಕಲ್‌ಹೋಸ್ಟ್" ಎಂಬ ವಿಳಾಸದಲ್ಲಿ, ಎಂದರೆ ನನ್ನ ಯಂತ್ರದೊಳಗೇ. ಮುಚ್ಚಿದರೆ ಹೊರಗಿನ ಲೋಕಕ್ಕೆ ಅಂಥದೊಂದು ಇದೆ ಎಂದೇ ಗೊತ್ತಿಲ್ಲ.

ಇಷ್ಟೆಲ್ಲ ಕಳ್ಳರ ಮಾತಾಯಿತು. ನನ್ನ ಮುಳ್ಳು ಇದ್ದದ್ದು ಕಳ್ಳರಲ್ಲಲ್ಲ. 2008ನ್ನು 2006 ಮಾಡಿದವರು ಗೋಡೆ ಹಾರಿ ಬಂದವರಲ್ಲ. ಕಾಫಿ ಕುಡಿದು, ಸಭೆಯಲ್ಲಿ ಕುಳಿತು, ಕ್ಯಾಲೆಂಡರ್ ತಿರುಗಿಸಿ ಒಳಗೆ ಹೋದವರು.

ಅದಕ್ಕೆ ಉತ್ತರ ಕ್ಲಸ್ಟರಿನಲ್ಲಿ ಇರಲಿಲ್ಲ, ಹೆಣ್ಣುಮಗಳ ಹೆಸರಿನ ಆ ಡೇಟಾಬೇಸಿನೊಳಗೇ ಇತ್ತು. ಅಲ್ಲಿ ಒಬ್ಬೊಬ್ಬರಿಗೂ ಬೇರೆ ಹೆಸರು ಕೊಡಬಹುದು. ಅಷ್ಟೇ ಅಲ್ಲ, ಯಾವ ಕೋಷ್ಟಕದ ಯಾವ ಕಾಲಮ್ಮನ್ನು ಯಾರು ತಿದ್ದಬಹುದು ಎಂದು ಕಾಲಮ್ಮಿನ ಲೆಕ್ಕದಲ್ಲೇ ಹೇಳಬಹುದು. ಈ ಮಾತು ಕೇಳಿ ನಾನು ಮಗಳ ಕೈ ಹಿಡಿದುಕೊಂಡೆ. ಮೊಬೈಲ್ ನಂಬರು, ವಿಳಾಸ, ಅಂಕಗಳನ್ನು ಸಮಿತಿಯವರು ತಿದ್ದಲಿ. ಹೆಸರು, ಜನ್ಮದಿನಾಂಕ ಬೇಡ ಎಂದು ಬರೆಸಿದೆ. ಕಿಟಕಿ ಮೊದಲಿನಂತೆಯೇ ಪೆನ್ಸಿಲ್ ತೋರಿಸುತ್ತದೆ, ಕ್ಯಾಲೆಂಡರನ್ನೂ ತೆರೆಯುತ್ತದೆ. ಎಂಟರ್ ಒತ್ತಿದಾಗ 1143 ಎಂಬ ಸಂಖ್ಯೆಯೊಡನೆ, ಇಂಥ ಹೆಸರಿನವರಿಗೆ ಇಂಥ ಕಾಲಮ್ಮನ್ನು ತಿದ್ದುವ ಅಧಿಕಾರವಿಲ್ಲ ಎಂದು ಡೇಟಾಬೇಸ್ ಹಿಂದಕ್ಕೆ ಕಳಿಸುತ್ತದೆ. ದಿನಾಂಕ ನಿಜಕ್ಕೂ ತಪ್ಪಿದ್ದರೆ ಶಾಲೆಯ ದಾಖಲಾತಿ ಪುಟದ ಪ್ರತಿಯೊಡನೆ ಅರ್ಜಿ ಬರಬೇಕು. ತಿದ್ದುವ ಹಕ್ಕಿರುವ ಹೆಸರು ಒಂದೇ. ಅದರ ಗುಟ್ಟಿನ ಪದದ ಅರ್ಧ ಅಧ್ಯಕ್ಷರ ಬಳಿ, ಇನ್ನರ್ಧ ಖಜಾಂಚಿಯ ಬಳಿ.

ಕೆಂಪು ಶಾಯಿಯೂ ಸಿಕ್ಕಿತು. ಟ್ರಿಗರ್ ಎಂಬುದೊಂದನ್ನು ಬರೆದಿಟ್ಟರೆ ಯಾರು ಯಾವ ಸಾಲನ್ನು ತಿದ್ದಿದರೂ ಹಳೆಯದು, ಹೊಸದು, ತಿದ್ದಿದವರ ಹೆಸರು, ಗಳಿಗೆ, ಇಷ್ಟೂ ಪಕ್ಕದ ಕೋಷ್ಟಕವೊಂದಕ್ಕೆ ತಾನಾಗಿ ಹೋಗಿ ಕೂರುತ್ತದೆ. ತಿದ್ದುವವರಿಗೆ ಆ ಕೋಷ್ಟಕವನ್ನು ಮುಟ್ಟಲು ಬರುವುದಿಲ್ಲ. ಎಲ್ಲರೂ ಕಿಟಕಿಯ ಮೂಲಕವೇ ಬರುವುದರಿಂದ ಯಾವ ಮನೆಯಿಂದ ಬಂದರು ಎಂಬುದು ಡೇಟಾಬೇಸಿಗೆ ತಿಳಿಯದು. ಹೆಸರೊಂದೇ ಗುರುತು. ಅದಕ್ಕೇ ಹೆಸರು ಹಂಚಿಕೊಳ್ಳುವಂತಿಲ್ಲ.

ಇದನ್ನು ಸಮಿತಿಯ ಮುಂದಿಟ್ಟ ದಿನ ಮಾತು ಬಿಸಿಯಾಯಿತು. "ನಮ್ಮ ಮೇಲೆಯೇ ಅನುಮಾನವೇ?" ಎಂದು ಒಬ್ಬರು ಬ್ಯಾಗು ತೆಗೆದುಕೊಂಡು ಎದ್ದರು. "ಇಷ್ಟು ಸಣ್ಣ ಸಂಘಕ್ಕೆ ಇಷ್ಟೆಲ್ಲ ಬೇಕೇ?" ಎಂದರು ಇನ್ನೊಬ್ಬರು. ಹಾಜರಿ ಪುಸ್ತಕದಲ್ಲಿ ನಾನು ದಿನಾ ಸಹಿ ಮಾಡುತ್ತೇನೆ, ಅದನ್ನು ಅನುಮಾನವೆಂದು ಯಾವತ್ತೂ ತಿಳಿದಿಲ್ಲ ಎಂದೆ. ಎದ್ದವರು ಕುಳಿತರು, ಆದರೆ ಆ ದಿನ ಕಾಫಿ ಮುಟ್ಟಲಿಲ್ಲ. ಏಳರಲ್ಲಿ ಐದು ಜನ ಕೈ ಎತ್ತಿದರು. ಕೈ ಎತ್ತದ ಇಬ್ಬರನ್ನು ಕುರಿತು ನಾನು ಏನನ್ನೂ ಊಹಿಸಿಕೊಳ್ಳುವುದಿಲ್ಲ. ಊಹೆಯ ಕೆಲಸ ಇನ್ನು ಮುಂದೆ ಇಲ್ಲವಲ್ಲ ಎಂಬುದೇ ನನಗೆ ಹಗುರ.

ಕ್ಯಾಲೆಂಡರನ್ನು ತೆಗೆದು ಹೊಸ ವರ್ಷದ್ದನ್ನು ಹಾಕಿಯಾಗಿದೆ. ಪ್ರತಿ ರಾತ್ರಿ 2 ಗಂಟೆಗೆ ಅಂಬಿಗ ಇಡೀ ಡೇಟಾಬೇಸಿನ ಒಂದು ಪ್ರತಿ ತೆಗೆದು ಬೇರೆ ಕಡೆ ಇಡುತ್ತಾನೆ, ನನಗೆ ಅದರ ಗೊಡವೆಯಿಲ್ಲ. ನನ್ನ ಹೆಸರಿಗೆ ಜನ್ಮದಿನಾಂಕದ ಕಾಲಮ್ಮನ್ನು ಓದುವ ಹಕ್ಕು ಮಾತ್ರ ಇದೆ. ತಿಂಗಳಿಗೊಮ್ಮೆ ಕೆಂಪು ಶಾಯಿಯ ಕೋಷ್ಟಕವನ್ನು ತೆರೆದು ನೋಡುವುದು ನನ್ನ ಪಾಲಿನ ಕೆಲಸ. ಈ ಸಲ ನೋಡಿದಾಗ ಮೂರು ಸಾಲುಗಳಿದ್ದವು: ಒಬ್ಬ ಹುಡುಗಿಯ ಅಮ್ಮ ಮೊಬೈಲ್ ಬದಲಿಸಿದ್ದಾರೆ, ಒಬ್ಬಳು ಹಾಸ್ಟೆಲಿಗೆ ಸೇರಿದ್ದಾಳೆ, ಇನ್ನೊಬ್ಬಳಿಗೆ ಗಣಿತದಲ್ಲಿ ಮರುಎಣಿಕೆಯಿಂದ ಆರು ಅಂಕ ಹೆಚ್ಚು ಬಂದಿದೆ.